ಕೋಳಿಯ ಬೆಲೆ ಏರೋದು ಯಾಕೆ, ಇಳಿಯೋದು ಯಾಕೆ?

(ಚಿಕ್ಕಬಳ್ಳಾಪುರದ ಕಡೆಯ ಒಂದು ಕಲಿಕೆ ಕೇಂದ್ರದಲ್ಲಿ ಅಕ್ಕಂದಿರ ಮುಂದೆ ಆಡಿದ ಮಾತು)



ಹೊಲದ ಕೆಲಸ, ದನದ ಕೆಲಸ, ಒಲೆಯ ಕೆಲಸ ಮುಗಿಸಿ ಬಂದಿದ್ದೀರಿ. ಹೆಚ್ಚು ಹೊತ್ತು ಕೂರಿಸುವುದಿಲ್ಲ.

ಇವತ್ತಿನ ಮಾತು ಕೋಳಿ ಬೆಲೆಯದ್ದು. ನಗಬೇಡಿ. ಇದು ನೀವೇ ಕೇಳಿದ ಪ್ರಶ್ನೆ. "ಟೀಚರಮ್ಮ, ಅಂಗಡಿ ಬೋರ್ಡು ಓದೋಕೆ ಕಲಿಸಿದ್ರಿ. ಸರಿ. ಒಂದು ವಾರ 180 ಅಂತ ಬರೆದಿರುತ್ತೆ. ಇನ್ನೊಂದು ವಾರ 240 ಅಂತ ಬರೆದಿರುತ್ತೆ. ಅದೇ ಅಂಗಡಿ, ಅದೇ ಕತ್ತಿ, ಅದೇ ಕೋಳಿ. ಬೆಲೆ ಮಾತ್ರ ಯಾಕೆ ಬೇರೆ?" ಅಂತ ಕೇಳಿದಿರಿ. "ಅಂಗಡಿಯವನ ದುರಾಸೆ, ಇನ್ನೇನು" ಅಂತ ಹಿಂದಿನ ಸಾಲಿನಿಂದ ಒಬ್ಬರು ಉತ್ತರವನ್ನೂ ಕೊಟ್ಟರು.

ಆ ಉತ್ತರವನ್ನು ನಾನು ಪೂರಾ ಒಪ್ಪುವುದಿಲ್ಲ. ತನ್ನ ಕೋಳಿ ಕೂಗಿದ್ದರಿಂದಲೇ ಬೆಳಗಾಯಿತು ಅಂದ ಅಜ್ಜಿಯ ಕತೆ ನಿಮಗೆ ಗೊತ್ತು. ಅಂಗಡಿಯವನು ಬೋರ್ಡು ಬರೆದದ್ದರಿಂದಲೇ ಬೆಲೆ ಏರಿತು ಅನ್ನೋದೂ ಹಾಗೇ. ಅವನು ಬೋರ್ಡು ಬರೆಯುತ್ತಾನೆ, ನಿಜ. ಆದರೆ ಆ ಅಂಕಿ ಹುಟ್ಟಿದ್ದು ಬೇರೆ ಕಡೆ.

ಈ ಕೋಣೆಯಲ್ಲೇ ನೋಡಿ. ಮುಸುಕಿನ ಜೋಳ ಬೆಳೆಯುವವರು ಇದ್ದೀರಿ. ಕೋಳಿ ಶೆಡ್ಡು ಇಟ್ಟಿರುವವರು ಮೂರು ಮನೆಯವರು ಇದ್ದೀರಿ. ಗಂಡನ ಜೊತೆ ಸಂಜೆ ಕಬಾಬ್ ಗಾಡಿ ಹಾಕುವವರು ಒಬ್ಬರಿದ್ದೀರಿ. ಉಳಿದವರು ಭಾನುವಾರ ಅರ್ಧ ಕಿಲೋ ತರುವವರು. ಬೆಲೆ ಒಂದೇ. ಆದರೆ ಅದು ಒಬ್ಬೊಬ್ಬರ ಮನೆಗೆ ಒಂದೊಂದು ಥರ ಬಂದು ತಟ್ಟುತ್ತೆ.

ಮೊದಲೇ ಒಂದು ಮಾತು. ನಾನು ಹೇಳುತ್ತಿರುವುದು ಫಾರಂ ಕೋಳಿಯ ವಿಷಯ. ನಾಟಿ ಕೋಳಿ ಲೆಕ್ಕ ಬೇರೆ. ಅದು ತಿಪ್ಪೆ ಕೆದರಿ, ಹುಳ ತಿಂದು, ನಿಧಾನಕ್ಕೆ ಬೆಳೆಯುತ್ತೆ. ಅದರ ಬೆಲೆ ಅಂಗಳದಲ್ಲಿ ನಿಂತು ಚೌಕಾಸಿ ಮಾಡಿ ಆಗುತ್ತೆ.

ಫಾರಂ ಕೋಳಿಗೆ ದಿನದ ಲೆಕ್ಕ ಇದೆ. ಮೊಟ್ಟೆ ಮರಿಯಾಗೋಕೆ 21 ದಿನ. ಇದು ನಮ್ಮ ಮನೆಯ ಕಾವು ಕೋಳಿಗೂ ಅಷ್ಟೇ, ಹ್ಯಾಚರಿಯ ಯಂತ್ರಕ್ಕೂ ಅಷ್ಟೇ. ಆ ಮರಿ ಶೆಡ್ಡಿಗೆ ಬಂದು ಸುಮಾರು 40 ದಿನದಲ್ಲಿ 2 ಕಿಲೋ ತೂಗುತ್ತೆ. 21 ಮತ್ತು 40 ಕೂಡಿಸಿ. 61. ಅಂದರೆ ಎರಡು ತಿಂಗಳು.

ಇದರ ಅರ್ಥ ಏನು? ಇವತ್ತು ಅಂಗಡಿಯಲ್ಲಿ ಎಷ್ಟು ಕೋಳಿ ಇದೆ ಅನ್ನೋದು ಎರಡು ತಿಂಗಳ ಹಿಂದೆಯೇ ತೀರ್ಮಾನ ಆಗಿಹೋಗಿದೆ. ಇವತ್ತು ಹಬ್ಬ ಬಂತು, ಬೇಡಿಕೆ ಜಾಸ್ತಿ ಆಯಿತು ಅಂತ ಇವತ್ತೇ ಕೋಳಿ ಹುಟ್ಟಿಸೋಕೆ ಆಗುವುದಿಲ್ಲ. ಇರುವ ಕೋಳಿಗೆ ಎಲ್ಲರೂ ಮುಗಿಬೀಳುತ್ತಾರೆ. ಬೆಲೆ ಏರುತ್ತೆ.

ಇನ್ನೊಂದು ಕಡೆಯಿಂದ ನೋಡಿ. ಬೇಡಿಕೆ ಇಲ್ಲ ಅಂತ ಕೋಳಿಯನ್ನು ತಡೆದು ಇಡೋಕೂ ಆಗುವುದಿಲ್ಲ. ರಾಗಿಯನ್ನು ಮೂಟೆ ಕಟ್ಟಿ ಇಡಬಹುದು. ಬೆಲೆ ಬಂದಾಗ ಮಾರಬಹುದು. ಬೆಳೆದ ಕೋಳಿ ಹಾಗೆ ಕಾಯುವುದಿಲ್ಲ. ದಿನಾ ತಿನ್ನುತ್ತೆ. 45 ದಿನ ದಾಟಿದ ಮೇಲೆ ತಿಂದಷ್ಟು ತೂಕ ಬರುವುದಿಲ್ಲ. ಶೆಡ್ಡಿನಲ್ಲಿ ಜಾಗ ಸಾಲುವುದಿಲ್ಲ. ಒಂದರ ಮೇಲೊಂದು ಬಿದ್ದು ಸಾಯುತ್ತವೆ. ಹಾಗಾಗಿ ಸಿಕ್ಕಿದ ಬೆಲೆಗೆ ಮಾರಲೇಬೇಕು. ಬೆಲೆ ಬೀಳುವಾಗ ದಡಕ್ಕನೆ ಬೀಳೋದು ಈ ಕಾರಣಕ್ಕೆ.

ಈಗ ಖರ್ಚಿನ ಲೆಕ್ಕಕ್ಕೆ ಬರೋಣ. ಸ್ಲೇಟು ತೆಗೆದುಕೊಳ್ಳಿ. ನಾನು ಹೇಳುವ ಅಂಕಿಗಳು ಲೆಕ್ಕ ಸುಲಭ ಆಗಲಿ ಅಂತ ಹಿಡಿದದ್ದು. ನಿಮ್ಮ ದಿನದ ದರ ಹಾಕಿಕೊಂಡು ಆಮೇಲೆ ನೀವೇ ಮಾಡಿ ನೋಡಿ.

ಕೋಳಿ 1 ಕಿಲೋ ತೂಕ ಬರಬೇಕಾದರೆ ಸುಮಾರು 1 ಕಿಲೋ 700 ಗ್ರಾಂ ಫೀಡು ತಿನ್ನಬೇಕು. ಫೀಡು ಅಂದರೆ ಕೋಳಿ ತಿನ್ನುವ ಆಹಾರ. ಫೀಡು ಕಿಲೋಗೆ 40 ರೂಪಾಯಿ ಅಂತ ಹಿಡಿಯಿರಿ. 68 ರೂಪಾಯಿ ಆಯಿತು. ಮರಿಯ ಬೆಲೆ 36 ರೂಪಾಯಿ ಅನ್ನಿ. ಅದು 2 ಕಿಲೋ ಕೋಳಿ ಆಗುತ್ತೆ. ಕಿಲೋಗೆ 18 ರೂಪಾಯಿ ಬಿತ್ತು. ಸಾಕಿದವರ ಕೂಲಿ 8 ರೂಪಾಯಿ. ಔಷಧಿ, ಲಸಿಕೆ, ಸಾಗಾಟ, ಇತರೆ ಎಲ್ಲ ಸೇರಿ 6 ರೂಪಾಯಿ. ಕೂಡಿಸಿ.

100 ರೂಪಾಯಿ. ಅದರಲ್ಲಿ 68 ಫೀಡಿಗೇ ಹೋಯಿತು. ಮೂರು ಪಾಲಲ್ಲಿ ಎರಡು ಪಾಲು ಕೋಳಿಯ ಹೊಟ್ಟೆಗೆ! ಕೋಳಿ ಬೆಲೆ ಅಂತ ನಾವು ಅನ್ನೋದು ಹೆಚ್ಚು ಕಡಿಮೆ ಅದರ ಆಹಾರದ ಬೆಲೆ.

ಫೀಡಿನಲ್ಲಿ ಏನಿರುತ್ತೆ? 100 ಕಿಲೋ ಫೀಡಿನಲ್ಲಿ ಸುಮಾರು 60 ಕಿಲೋ ಮುಸುಕಿನ ಜೋಳ. ಉತ್ತರ ಕರ್ನಾಟಕದ ಕಡೆ ಇದಕ್ಕೆ ಗೋವಿನ ಜೋಳ ಅಂತಾರೆ. ದಾವಣಗೆರೆ, ಹಾವೇರಿ ಕಡೆ ಇದನ್ನು ಬಹಳ ಬೆಳೆಯುತ್ತಾರೆ. ನಮ್ಮಲ್ಲೂ ಬೆಳೆಯುತ್ತೇವೆ. ಇನ್ನು ಕಾಲು ಪಾಲು, ಅದಕ್ಕಿಂತ ಚೂರು ಜಾಸ್ತಿ, ಸೋಯಾ ಹಿಂಡಿ. ಸೋಯಾ ಕಾಳಿನಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಅದು. ಮಧ್ಯಪ್ರದೇಶ, ಮಹಾರಾಷ್ಟ್ರದ ಕಡೆಯಿಂದ ಹೆಚ್ಚು ಬರುತ್ತೆ.

ಈಗ ಒಂದು ಲೆಕ್ಕ. ಜೋಳ ಕ್ವಿಂಟಲಿಗೆ 500 ರೂಪಾಯಿ ಏರಿತು ಅನ್ನಿ. ಕಿಲೋಗೆ 5 ರೂಪಾಯಿ. ಫೀಡಿನಲ್ಲಿ ಜೋಳ ಇರೋದು 100ಕ್ಕೆ 60. ಹಾಗಾಗಿ ಫೀಡು ಕಿಲೋಗೆ 3 ರೂಪಾಯಿ ಏರುತ್ತೆ. ಕೋಳಿ ಅದನ್ನು 1 ಕಿಲೋ 700 ಗ್ರಾಂ ತಿನ್ನುತ್ತೆ. ಜೀವಂತ ಕೋಳಿಗೆ 5 ರೂಪಾಯಿ ಏರಿತು. ಪುಕ್ಕ, ಚರ್ಮ, ಕರುಳು ತೆಗೆದು ಮಾಂಸಕ್ಕೆ ಹಾಕಿದರೆ 8 ರೂಪಾಯಿ ಆಗುತ್ತೆ.

ಈ 8 ಅನ್ನೋ ಅಂಕಿಯನ್ನು ನೆನಪಿಡಿ. ಜೋಳ 500 ಏರಿದೆ ಅಂತ ಯಾರಾದರೂ ಮಾಂಸಕ್ಕೆ 50 ರೂಪಾಯಿ ಏರಿಸಿದರೆ, ಆ 50ಕ್ಕೂ ಜೋಳವೇ ಕಾರಣ ಅಲ್ಲ. ಬೇರೆ ಏನೋ ಇದೆ.

ಜೋಳದ ಬೆಲೆ ಯಾಕೆ ಏರುತ್ತೆ? ಮಳೆ ಕೈಕೊಟ್ಟರೆ ಏರುತ್ತೆ, ಅದು ನಿಮಗೆ ಗೊತ್ತು. ಹೊಸದಾಗಿ ಇನ್ನೊಂದು ಕಾರಣ ಬಂದಿದೆ. ಪೆಟ್ರೋಲಿಗೆ ಎಥನಾಲ್ ಅನ್ನೋ ಸ್ಪಿರಿಟ್ಟು ಬೆರೆಸುತ್ತಾರೆ. ಅದನ್ನು ಕಬ್ಬಿನಿಂದಲೂ ಮಾಡಬಹುದು, ಜೋಳದಿಂದಲೂ ಮಾಡಬಹುದು. 2023ರ ಕೊನೆಯಲ್ಲಿ ಸಕ್ಕರೆಗೆ ಕೊರತೆ ಆದೀತು ಅಂತ ಕಬ್ಬಿನ ರಸದ ಎಥನಾಲಿಗೆ ಸರ್ಕಾರ ಮಿತಿ ಹಾಕಿತು. ಕಾರ್ಖಾನೆಗಳು ಜೋಳದ ಕಡೆ ತಿರುಗಿದವು. 2024ರಲ್ಲಿ ಜೋಳದ ಬೆಲೆ ಏರಿತು. ನೋಡಿ, ಸ್ಕೂಟರಿನ ಹೊಟ್ಟೆಯೂ ಕೋಳಿಯ ಹೊಟ್ಟೆಯೂ ಒಂದೇ ಜೋಳಕ್ಕೆ ಪೈಪೋಟಿ!

ಸೋಯಾದ ಕತೆ ಇನ್ನೂ ಜೋರು. 2021ರ ಶುರುವಿನಲ್ಲಿ ಸೋಯಾ ಹಿಂಡಿ ಕಿಲೋಗೆ 40 ರೂಪಾಯಿ ಆಸುಪಾಸಿನಲ್ಲಿ ಇತ್ತು. ಅದೇ ವರ್ಷ ಆಗಸ್ಟ್ ಹೊತ್ತಿಗೆ 90 ದಾಟಿತು. ಕೋಳಿ ಸಾಕುವವರು ಬೊಬ್ಬೆ ಹಾಕಿದರು. ಕೊನೆಗೆ ಸರ್ಕಾರ ಹೊರದೇಶದಿಂದ 12 ಲಕ್ಷ ಟನ್ ಹಿಂಡಿ ತರಿಸೋಕೆ ಒಪ್ಪಿಗೆ ಕೊಟ್ಟಿತು. ಸ್ಲೇಟಿನಲ್ಲಿ ಲೆಕ್ಕ ಹಾಕಿದರೆ, ಸೋಯಾ ಹಿಂಡಿ 50 ರೂಪಾಯಿ ಏರಿದಾಗ ಮಾಂಸದ ಖರ್ಚು ಕಿಲೋಗೆ 30 ರೂಪಾಯಿಗಿಂತ ಹೆಚ್ಚು ಏರುತ್ತೆ.

ಜೋಳ ಅಗ್ಗ ಆದರೆ ಎಲ್ಲರಿಗೂ ಒಳ್ಳೆಯದೇ? ಜೋಳ ಬೆಳೆದ ಅಕ್ಕನನ್ನು ಕೇಳಿ. 2025ರಲ್ಲಿ ಕೇಂದ್ರ ಸರ್ಕಾರ ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಹೇಳಿತ್ತು. ಆ ವರ್ಷ ಬೆಳೆ ಚೆನ್ನಾಗಿ ಬಂತು. ಮಾರುಕಟ್ಟೆಯಲ್ಲಿ ಬೆಲೆ ಅದಕ್ಕಿಂತ ಬಹಳ ಕೆಳಗೆ ಬಿತ್ತು. ನವೆಂಬರಿನಲ್ಲಿ ಗದಗ, ಹಾವೇರಿ ಕಡೆಯ ರೈತರು ಖರೀದಿ ಕೇಂದ್ರ ತೆರೆಯಿರಿ ಅಂತ ಧರಣಿ ಕೂತರು. ಕೋಳಿ ಅಂಗಡಿ ಮುಂದೆ ನಿಂತು ನಾವು ಬೇಡುವ ಅಗ್ಗ, ಜೋಳದ ಕಣದಲ್ಲಿ ಇನ್ನೊಬ್ಬಳ ಕಣ್ಣೀರು. ಇದಕ್ಕೆ ಸುಲಭದ ಉತ್ತರ ನನ್ನ ಹತ್ತಿರ ಇಲ್ಲ. ಗೊತ್ತಿರಲಿ ಅಂತ ಹೇಳಿದೆ.

ಇನ್ನು ಬಿಸಿಲು. ಕೋಳಿಗೆ ಬೆವರು ಬರುವುದಿಲ್ಲ. ಬಾಯಿ ತೆರೆದು ತೇಕುತ್ತೆ. ಏಪ್ರಿಲ್, ಮೇ ತಿಂಗಳಲ್ಲಿ ಶೆಡ್ಡು ಕಾದ ಹಂಚಿನ ಹಾಗೆ ಆಗುತ್ತೆ. ಕೋಳಿ ನೀರು ಕುಡಿಯುತ್ತೆ, ಫೀಡು ಬಿಡುತ್ತೆ. ತೂಕ ಬರುವುದಿಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತರೆ ಹತ್ತಾರು ಕೋಳಿ ಸಾಯುತ್ತವೆ. ಗೋಣಿ ಪರದೆ ಕಟ್ಟಿ, ನೀರು ಚಿಮುಕಿಸಿ, ಪಾಡು ಪಡುವವರು ಮನೆಯ ಹೆಂಗಸರೇ. ಈ ಭಯಕ್ಕೆ ಬೇಸಿಗೆಯಲ್ಲಿ ಮರಿಯನ್ನೇ ಕಡಿಮೆ ಬಿಡುತ್ತಾರೆ. ಆದ್ದರಿಂದ ಮೇ, ಜೂನ್ ಹೊತ್ತಿಗೆ ಸಾಮಾನ್ಯವಾಗಿ ಬೆಲೆ ಏರುತ್ತೆ.

ಹಬ್ಬದ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಯುಗಾದಿ ಮಾರನೇ ದಿನ ಹೊಸತೊಡಕು. ಅವತ್ತು ಅಂಗಡಿ ಮುಂದೆ ಬೆಳಗಿನ ಜಾವಕ್ಕೇ ಸಾಲು. ಊರಹಬ್ಬ, ಜಾತ್ರೆ, ರಂಜಾನ್, ಕ್ರಿಸ್‌ಮಸ್, ಹೊಸ ವರ್ಷ, ಎಲ್ಲಕ್ಕೂ ಕೋಳಿ ಬೇಕು. ಶ್ರಾವಣ ಬಂದರೆ ಬಹಳ ಮನೆಯಲ್ಲಿ ತಿಂಗಳು ಪೂರಾ ಬಿಡುತ್ತಾರೆ. ಆಮೇಲೆ ಕಾರ್ತಿಕ ಸೋಮವಾರ, ಅಯ್ಯಪ್ಪನ ಮಾಲೆ. ಆಗ ಬೆಲೆ ಇಳಿಯುತ್ತೆ.

ಆದರೆ ಇಲ್ಲೊಂದು ತಿರುವು ಇದೆ. ಕ್ಯಾಲೆಂಡರ್ ನಮ್ಮ ಮನೆಯಲ್ಲಿ ಮಾತ್ರ ಇಲ್ಲ, ಮರಿ ಬಿಡುವ ಕಂಪನಿಯವರ ಹತ್ತಿರವೂ ಇದೆ. ಶ್ರಾವಣದಲ್ಲಿ ಮಾರಾಟ ಇಲ್ಲ ಅಂತ ಗೊತ್ತಿದ್ದು ಅವರು ಮೊದಲೇ ಮರಿ ಕಡಿಮೆ ಮಾಡುತ್ತಾರೆ. ಹಾಗಾಗಿ ಕೆಲವು ವರ್ಷ ಶ್ರಾವಣದಲ್ಲೂ ಬೆಲೆ ನಾವು ಅಂದುಕೊಂಡಷ್ಟು ಇಳಿಯುವುದಿಲ್ಲ. ಗಣೇಶನ ಹಬ್ಬ ಕಳೆದು ಎಲ್ಲರೂ ಒಟ್ಟಿಗೆ ಅಂಗಡಿಗೆ ಹೋದರೆ ಕೋಳಿ ಸಾಲದೆ ಬೆಲೆ ನೆಗೆಯುತ್ತೆ. ಕರಾವಳಿಯಲ್ಲಿ ಇನ್ನೊಂದು ಇದೆ. ಜೂನ್, ಜುಲೈ ಎರಡು ತಿಂಗಳು ಯಂತ್ರದ ದೋಣಿಗಳು ಮೀನಿಗೆ ಕಡಲಿಗೆ ಇಳಿಯುವಂತಿಲ್ಲ. ಆಗ ಅಲ್ಲಿನವರು ಕೋಳಿ ಕಡೆ ಬರುತ್ತಾರೆ.

ಬಿಸಿಲಿಗಿಂತ, ಹಬ್ಬಕ್ಕಿಂತ ದೊಡ್ಡ ಹೊಡೆತ ಕೊಡೋದು ಕಾಯಿಲೆ. ಕಾಯಿಲೆಗಿಂತಲೂ ದೊಡ್ಡ ಹೊಡೆತ ಕೊಡೋದು ಗಾಳಿಮಾತು.

ನಮ್ಮ ದೇಶದಲ್ಲಿ ಕೋಳಿಗಳಿಗೆ ಹಕ್ಕಿಜ್ವರ ಮೊದಲು ಕಂಡದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ನವಾಪುರ ಎಲ್ಲೋ ಇದೆ, ನಮ್ಮೂರು ಎಲ್ಲೋ ಇದೆ. ಆದರೂ ದೇಶದ ತುಂಬ ಜನ ಕೋಳಿ ಮುಟ್ಟಲಿಲ್ಲ. ಬೆಲೆ ನೆಲ ಕಚ್ಚಿತು. 2025ರ ಫೆಬ್ರವರಿ ಕೊನೆಯಲ್ಲಿ ನಮ್ಮ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲೇ ಕಂಡಿತು. ಅದು ದೂರದ ಮಾತಲ್ಲ, ನಮ್ಮ ಅಂಗಳದ ಮಾತು. ಸುತ್ತಲಿನ ಕೋಳಿಗಳನ್ನು ಕೊಂದು ಹೂಳಿದರು. ಸಾಕಿದವರ ಹೊಟ್ಟೆ ಉರಿಯಿತು. ಆದರೆ ರೋಗ ಹರಡದೆ ಇರೋಕೆ ಅದು ಬೇಕಾಗಿತ್ತು.

2020ರ ಮಾರ್ಚ್ ನೆನಪು ಮಾಡಿಕೊಳ್ಳಿ. ಕೋಳಿ ತಿಂದರೆ ಕೊರೊನಾ ಬರುತ್ತೆ ಅಂತ ಫೋನಿನಲ್ಲಿ ಸುದ್ದಿ ಹರಿದಾಡಿತು. ಸುಳ್ಳು. ಸರ್ಕಾರವೂ ಸುಳ್ಳು ಅಂತ ಸಾರಿತು. ಯಾರೂ ಕೇಳಲಿಲ್ಲ. ಅದೇ ಹೊತ್ತಿಗೆ ಮೈಸೂರಿನಲ್ಲಿ ಹಕ್ಕಿಜ್ವರವೂ ಕಂಡಿತು. ಕೋಳಿ ಕೊಳ್ಳುವವರೇ ಇಲ್ಲ. ಫೀಡು ಹಾಕೋಕೆ ದುಡ್ಡಿಲ್ಲ. ನಮ್ಮ ರಾಜ್ಯದಲ್ಲೇ ಕೆಲವು ಕಡೆ ಗುಂಡಿ ತೋಡಿ ಜೀವಂತ ಕೋಳಿಗಳನ್ನು ಹೂತರು. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತೆ.

ಆಮೇಲೆ ಏನಾಯಿತು? ನಷ್ಟ ಆದವರು ಹೊಸ ಮರಿ ಬಿಡಲಿಲ್ಲ. ಹ್ಯಾಚರಿಯವರು ಮೊಟ್ಟೆ ಕಾವಿಗೆ ಇಡೋದನ್ನು ಕಡಿಮೆ ಮಾಡಿದರು. ನಾನು ಹೇಳಿದ ಆ 61 ದಿನ ಎಣಿಸಿ. ಮೇ ತಿಂಗಳು ಬಂತು. ಜನರ ಹೆದರಿಕೆ ಕಳೆದಿತ್ತು, ಕೋಳಿ ಬೇಕು ಅಂದರು. ಶೆಡ್ಡಿನಲ್ಲಿ ಕೋಳಿ ಇಲ್ಲ! ಮಾರ್ಚಿನಲ್ಲಿ ಕೇಳುವವರಿಲ್ಲದ ಕೋಳಿಗೆ ಮೇ ತಿಂಗಳಲ್ಲಿ ಎಷ್ಟು ಬೆಲೆ ಬಂತು ಅಂತ ನಿಮಗೇ ನೆನಪಿರಬಹುದು. ಅಗ್ಗವಾದ ಕೋಳಿಯ ಹಿಂದೆಯೇ ತುಟ್ಟಿ ಕೋಳಿ ಬರುತ್ತೆ.

ನಡುವೆ ಒಂದು ಎಚ್ಚರಿಕೆ. ಚೆನ್ನಾಗಿ ಬೇಯಿಸಿದ ಕೋಳಿಯಲ್ಲಿ ಹಕ್ಕಿಜ್ವರದ ರೋಗಾಣು ಉಳಿಯುವುದಿಲ್ಲ. ಆದರೆ ಸತ್ತ ಕೋಳಿ, ತೂಕಡಿಸುವ ಕೋಳಿ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಹತ್ತಾರು ಕೋಳಿ ಒಟ್ಟಿಗೆ ಸತ್ತರೆ ಮುಟ್ಟಬೇಡಿ. ಪಶು ಆಸ್ಪತ್ರೆಗೆ ತಿಳಿಸಿ.

ಸರಿ. ಬೆಲೆಯ ಅಂಕಿಯನ್ನು ಯಾರು ಹೇಳುತ್ತಾರೆ? ಕೋಳಿ ಉದ್ಯಮದವರ ಸಂಘಗಳು ದಿನದ ದರ ಹೇಳುತ್ತವೆ. ತಮಿಳುನಾಡಿನ ಪಲ್ಲಡಂ ಇದಕ್ಕೆ ಹೆಸರಾದ ಊರು. ಬೆಂಗಳೂರಿಗೂ ದಿನಾ ಒಂದು ದರ ಬರುತ್ತೆ. ಅದು ಜೀವಂತ ಕೋಳಿಯ ದರ. ವ್ಯಾಪಾರದವರು ಇದಕ್ಕೆ ಪೇಪರ್ ದರ ಅಂತಾರೆ. ಈಗ ಫೋನಿಗೇ ಬರುತ್ತೆ. ಕೋಳಿ ಹೆಚ್ಚಾಗಿ ಇದ್ದ ದಿನ ಪೇಪರ್ ದರಕ್ಕಿಂತ ಕಡಿಮೆಗೂ ವ್ಯಾಪಾರ ನಡೆಯುತ್ತೆ. ತಮಿಳುನಾಡಿನಲ್ಲಿ, ಆಂಧ್ರದಲ್ಲಿ ಕೋಳಿ ಜಾಸ್ತಿ ಆದರೆ ಲಾರಿ ಇತ್ತ ಬರುತ್ತೆ, ನಮ್ಮಲ್ಲಿ ಬೆಲೆ ಇಳಿಯುತ್ತೆ. ಕಾಯಿಲೆ ಬಂದು ಗಡಿಯಲ್ಲಿ ಲಾರಿ ತಡೆದರೆ ಉಲ್ಟಾ.

ಈಗ ಅಂಗಡಿ. ಅಂಗಡಿಯವನಿಗೆ ಜೀವಂತ ಕೋಳಿ, ಸಾಗಾಟ ಎಲ್ಲ ಸೇರಿ ಕಿಲೋಗೆ 120 ರೂಪಾಯಿಗೆ ಬಿತ್ತು ಅನ್ನಿ. 2 ಕಿಲೋ ಕೋಳಿಗೆ 240. ಕೊಯ್ದು, ಪುಕ್ಕ, ರಕ್ತ, ತಲೆ, ಕಾಲು, ಕರುಳು, ಚರ್ಮ ತೆಗೆದರೆ ಉಳಿಯೋದು ಸುಮಾರು 1 ಕಿಲೋ 300 ಗ್ರಾಂ. 240 ರೂಪಾಯಿಯನ್ನು ಈ 1 ಕಿಲೋ 300 ಗ್ರಾಮಿಗೆ ಹಂಚಿ. ಕಿಲೋಗೆ 185 ರೂಪಾಯಿ ಬಂತು. ಅವನಿಗೆ ಇನ್ನೂ ಒಂದು ಪೈಸೆ ಉಳಿದಿಲ್ಲ. ಮಳಿಗೆ ಬಾಡಿಗೆ, ಕೊಯ್ಯುವ ಹುಡುಗನ ಕೂಲಿ, ಕರೆಂಟು, ಕಸ ಸಾಗಿಸೋದು, ರಾತ್ರಿ ಪಂಜರದಲ್ಲಿ ಸತ್ತ ಕೋಳಿ, ಎಲ್ಲ ಇದರ ಮೇಲೆ. 220 ಅಂತ ಬೋರ್ಡು ಹಾಕಿದರೆ ಅದು ದುರಾಸೆ ಅಲ್ಲ.

ಚರ್ಮ ಸಹಿತ ತೂಗಿದರೆ 1 ಕಿಲೋ 450 ಗ್ರಾಂ ಸಿಗುತ್ತೆ. ಅದಕ್ಕೇ ಬೋರ್ಡಿನಲ್ಲಿ ಎರಡು ದರ. ಚರ್ಮ ಇರೋದು ಕಡಿಮೆ, ಇಲ್ಲದ್ದು ಜಾಸ್ತಿ. ಎರಡರ ನಡುವೆ 20 ರೂಪಾಯಿ ಅಂತರ ಇದ್ದರೆ ಲೆಕ್ಕ ಸರಿ ಇದೆ.

ಇನ್ನೊಂದು ಅಂಕಿ ಬರೆದುಕೊಳ್ಳಿ. ಜೀವಂತ ಕೋಳಿ ಕಿಲೋಗೆ 10 ರೂಪಾಯಿ ಏರಿದರೆ ಮಾಂಸ 15 ರೂಪಾಯಿ ಏರಬೇಕು. 10 ಇಳಿದರೆ ಮಾಂಸ 15 ಇಳಿಯಬೇಕು. ಏರುವಾಗ ಬೋರ್ಡು ಅವತ್ತು ಬೆಳಗ್ಗೆಯೇ ಬದಲಾಗುತ್ತೆ. ಇಳಿಯುವಾಗ ಮಾತ್ರ "ಈ ಭಾನುವಾರ ಕಳೆಯಲಿ" ಅಂತಾರೆ. ಹಿಂದಿನ ಸಾಲಿನ ಅಕ್ಕ ದುರಾಸೆ ಅಂದದ್ದು ಇಲ್ಲಿಗೆ ಸ್ವಲ್ಪ ಹೊಂದುತ್ತೆ. ತಕ್ಕಡಿಯನ್ನೂ ನೋಡಿ. ಕರೆಂಟಿನ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೀಳಬೇಕು. ತೂಗುವ ಮುಂಚೆ ಸೊನ್ನೆ ತೋರಿಸುತ್ತಾ ನೋಡಿ. ಸೊನ್ನೆ ಗುರುತಿಸೋಕೆ ನಿಮಗೆ ಈಗ ಬರುತ್ತೆ.

ಇನ್ನು ಉಳಿದದ್ದು ನನಗೆ ಮುಖ್ಯ ಅನ್ನಿಸುವ ಮಾತು. ಕೋಳಿ ಸಾಕುವ ನಮ್ಮ ಅಕ್ಕಂದಿರ ಮಾತು.

ಮೊದಲು ಮರಿ, ಫೀಡು ಎಲ್ಲ ಸ್ವಂತ ದುಡ್ಡಿನಲ್ಲಿ ತಂದು ಸಾಕುವವರು ಬಹಳ ಇದ್ದರು. ಈಗ ಹೆಚ್ಚಿನವರು ಕಂಪನಿಯ ಜೊತೆ ಕರಾರು ಮಾಡಿಕೊಂಡವರು. ಮರಿ ಕಂಪನಿಯದ್ದು, ಫೀಡು ಕಂಪನಿಯದ್ದು, ಔಷಧಿ ಕಂಪನಿಯದ್ದು. ಶೆಡ್ಡು ನಮ್ಮದು. ನೀರು, ಕರೆಂಟು, ನೆಲಕ್ಕೆ ಹಾಸುವ ಹೊಟ್ಟು ನಮ್ಮದು. ಮೈಕೈ ನೋವೂ ನಮ್ಮದು. ಮರಿ ಬಂದ ಮೊದಲ ವಾರ ಬಿಸಿ ಕೊಡಬೇಕು. ರಾತ್ರಿ ಎದ್ದು ಎದ್ದು ನೋಡಬೇಕು. ಬಾಣಂತಿ ಮನೆಯ ಹಾಗೆ. ಈ ಕೆಲಸ ಯಾರು ಮಾಡೋದು ಅಂತ ನಾನು ಹೇಳಬೇಕಾಗಿಲ್ಲ. ಕರಾರಿಗೆ ಮಾತ್ರ ಮನೆಯ ಯಜಮಾನರ ಸಹಿ.

ಕೊನೆಗೆ ಕೋಳಿ ತೂಗಿ, ಕಿಲೋಗೆ ಇಷ್ಟು ಅಂತ ಸಾಕಣೆ ಕೂಲಿ ಕೊಡುತ್ತಾರೆ. ನಾವು ಲೆಕ್ಕಕ್ಕೆ 8 ರೂಪಾಯಿ ಹಿಡಿದೆವು. 2,000 ಕೋಳಿ, 4,000 ಕಿಲೋ. 32,000 ರೂಪಾಯಿ. ಕೇಳೋಕೆ ದೊಡ್ಡದು. ಕರೆಂಟು ಬಿಲ್ಲು, ಹೊಟ್ಟು, ಶೆಡ್ಡಿಗೆ ತಂದ ಬ್ಯಾಂಕ್ ಸಾಲದ ಕಂತು ಕಳೆಯಿರಿ. ಆಮೇಲೆ ಉಳಿದದ್ದನ್ನು 40 ದಿನಕ್ಕೆ, ಎರಡು ಆಳಿಗೆ ಹಂಚಿ.

ಈಗ ಹೇಳಿ. ಅಂಗಡಿ ಬೋರ್ಡು 180ರಿಂದ 240ಕ್ಕೆ ಏರಿದಾಗ ಈ 8 ರೂಪಾಯಿ ಎಷ್ಟಾಗುತ್ತೆ? ಬಹುಪಾಲು ಕರಾರಿನಲ್ಲಿ 8 ರೂಪಾಯಿ 8 ರೂಪಾಯಿಯಾಗಿಯೇ ಇರುತ್ತೆ. ಕೆಲವು ಕಂಪನಿ ಕೆಲವು ಪೈಸೆ ಸೇರಿಸಬಹುದು. ಕೋಳಿ ತುಟ್ಟಿ ಆಯಿತು ಅಂತ ಕೋಳಿ ಸಾಕುವವಳು ಸಾಹುಕಾರಳಾಗುವುದಿಲ್ಲ. ಅವಳೂ ಅಂಗಡಿಯಲ್ಲಿ 240 ಕೊಟ್ಟೇ ತರಬೇಕು.

ನ್ಯಾಯವಾಗಿ ಇನ್ನೊಂದು ಪಕ್ಕವನ್ನೂ ಹೇಳುತ್ತೇನೆ. ಬೆಲೆ ಬಿದ್ದಾಗಲೂ ಆ 8 ರೂಪಾಯಿ ಕಡಿಮೆ ಆಗುವುದಿಲ್ಲ. 2020ರಲ್ಲಿ ಸ್ವಂತ ದುಡ್ಡು ಹಾಕಿದವರು ಮುಳುಗಿದರು. ಕರಾರಿನವರ ಮೇಲೆ ಮರಿ, ಫೀಡಿನ ನಷ್ಟ ಬೀಳಲಿಲ್ಲ. ಆದರೆ ಅವರಿಗೆ ಹೊಡೆತ ಬೇರೆ ದಾರಿಯಿಂದ ಬರುತ್ತೆ. ಬೆಲೆ ಬಿದ್ದರೆ ಕಂಪನಿ ಮರಿ ಕಳಿಸೋದನ್ನು ತಡ ಮಾಡುತ್ತೆ. ಶೆಡ್ಡು ಖಾಲಿ ಬೀಳುತ್ತೆ. ಬ್ಯಾಂಕ್ ಕಂತು ಖಾಲಿ ಬೀಳುವುದಿಲ್ಲ.

ಕರಾರಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕೋಳಿ ಹೆಚ್ಚು ಫೀಡು ತಿಂದು ಕಡಿಮೆ ತೂಗಿದರೆ ಕೂಲಿ ಕಡಿತ. ಹೆಚ್ಚು ಕೋಳಿ ಸತ್ತರೂ ಕಡಿತ. ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಮನೆಗೆ ಕಳೆದ ವರ್ಷ ಹೀಗೇ ಕಡಿತ ಆಯಿತು. 4,000 ಕಿಲೋ ಕೋಳಿಗೆ 140 ಚೀಲ ಫೀಡು ತಿಂದಿದೆ ಅಂತ ಕಂಪನಿಯ ಲೆಕ್ಕದ ಹಾಳೆ. ಚೀಲಕ್ಕೆ 50 ಕಿಲೋ. 7,000 ಕಿಲೋ ಆಯಿತು. ಅಂದರೆ ಕಿಲೋಗೆ 1 ಕಿಲೋ 750 ಗ್ರಾಂ. ಕರಾರಿನ ಮಿತಿ 1 ಕಿಲೋ 700 ಗ್ರಾಂ. ಮಿತಿ ಮೀರಿದ್ದಕ್ಕೆ ಕಿಲೋಗೆ 50 ಪೈಸೆ ಕಡಿತ. ಒಟ್ಟು 2,000 ರೂಪಾಯಿ.

ಆ ಅಕ್ಕ ಶೆಡ್ಡಿನ ಬಾಗಿಲಿಗೆ ಒಂದು ನೋಟುಪುಸ್ತಕ ಕಟ್ಟಿದ್ದರು. ಇಲ್ಲಿ ಅಂಕಿ ಕಲಿತ ಮೇಲೆ ಶುರು ಮಾಡಿದ್ದು. ಬಂದ ಚೀಲ, ಖಾಲಿಯಾದ ಚೀಲ, ಸತ್ತ ಕೋಳಿ, ದಿನಾ ಒಂದು ಸಾಲು. ಅಕ್ಷರ ಸೊಟ್ಟಗಿತ್ತು, ಅಂಕಿ ನೆಟ್ಟಗಿತ್ತು. ಕೊನೆಯ ದಿನ ಮಿಕ್ಕ 4 ಚೀಲವನ್ನು ಕಂಪನಿಯ ಲಾರಿಗೆ ವಾಪಸು ಹಾಕಿದ್ದೂ ಅದರಲ್ಲಿ ಇತ್ತು. ಹಾಳೆಯಲ್ಲಿ ಅದು ಇರಲಿಲ್ಲ. 4 ಚೀಲ ಕಳೆಯಿರಿ. 136 ಚೀಲ, 6,800 ಕಿಲೋ. ಭಾಗಿಸಿ. ಸರಿಯಾಗಿ 1 ಕಿಲೋ 700 ಗ್ರಾಂ!

ಕಂಪನಿಯ ಮೇಲ್ವಿಚಾರಕರು ಬಂದಾಗ ಅಕ್ಕ ಪುಸ್ತಕ ತೆರೆದು ಮುಂದೆ ಇಟ್ಟರು. ಜಗಳ ಮಾಡಲಿಲ್ಲ. "ಸರ್, ಇದನ್ನ ಓದಿ" ಅಂದರಷ್ಟೇ. ಅವರು ಲಾರಿಯ ಚೀಟಿ ಹುಡುಕಿಸಿದರು. 4 ಚೀಲ ಅದರಲ್ಲಿ ಇತ್ತು. ಮುಂದಿನ ಬ್ಯಾಚಿನ ಹಣದ ಜೊತೆ ಆ 2,000 ಬಂತು.

ಶೆಡ್ಡು ಇಟ್ಟಿರುವ ಉಳಿದ ಎರಡು ಮನೆಯವರೂ ಹೀಗೆ ಪುಸ್ತಕ ಕಟ್ಟಿ. ಕರಾರಿನ ಪ್ರತಿ ಮನೆಯಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಕೇಳಿ ತರಿಸಿ. ತರಗತಿಗೆ ತನ್ನಿ, ಕೂತು ಓದೋಣ. ಸಾಲು ಸಾಲಾಗಿ ಓದಬೇಕು. ಕೂಲಿ ಎಷ್ಟು, ಕಡಿತ ಯಾವಾಗ, ಶೆಡ್ಡು ಖಾಲಿ ಬಿದ್ದರೆ ಯಾರ ಹೊಣೆ, ಎಲ್ಲ ಅದರಲ್ಲೇ ಇರುತ್ತೆ.

ಉಳಿದವರಿಗೂ ಕೆಲಸ ಇದೆ. ಈ ಗೋಡೆಯ ಮೇಲೆ ಮೂರು ಕಂಬದ ಪಟ್ಟಿ ಹಾಕೋಣ. ಮೊದಲ ಕಂಬದಲ್ಲಿ ಮುಸುಕಿನ ಜೋಳದ ದರ. ಜೋಳ ಮಾರೋಕೆ ಮಾರುಕಟ್ಟೆಗೆ ಹೋಗುವವರು ಕೇಳಿಕೊಂಡು ಬನ್ನಿ. ಎರಡನೆಯದರಲ್ಲಿ ಜೀವಂತ ಕೋಳಿಯ ದರ. ಕಬಾಬ್ ಗಾಡಿಯ ಅಕ್ಕನ ಫೋನಿಗೆ ಅದು ಬರುತ್ತೆ. ಮೂರನೆಯದರಲ್ಲಿ ಅಂಗಡಿ ಬೋರ್ಡಿನ ದರ. ಅದನ್ನು ಯಾರು ಬೇಕಾದರೂ ಓದಿ ಬರಬಹುದು. ಪ್ರತಿ ಭಾನುವಾರದ್ದು ಬರೆಯಬೇಕು. ಎರಡು ತಿಂಗಳು ಬರೆದರೆ 8 ಸಾಲು ಆಗುತ್ತೆ. ಆಗ ಯಾವ ಕಂಬ ಮೊದಲು ಏರಿತು, ಯಾವುದು ಇಳಿಯೋಕೆ ತಡ ಮಾಡಿತು, ಗೋಡೆಯೇ ತೋರಿಸುತ್ತೆ.

ಬರುವ ಭಾನುವಾರದಿಂದಲೇ ಶುರು. ಸೀಮೆಸುಣ್ಣ ನಾನು ತರುತ್ತೇನೆ.